ಅಕ್ಕಡಿ ಸಾಲಿನ ಊಟ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಅಲಸಂದೆಯ ಸಾಲು ಹಾಕುತ್ತಾರೆ, ಅದೇ ಅಕ್ಕಡಿ ಸಾಲು. ಮೆಕ್ಸಿಕೋದ ರೈತರು ಸಾವಿರಾರು ವರ್ಷಗಳಿಂದ ಮುಸುಕಿನ ಜೋಳದ ಜೊತೆಗೇ ಬೀನ್ಸ್, ಕುಂಬಳ ಬೆಳೆಯುತ್ತಾ ಬಂದಿದ್ದಾರೆ. ಹೊಲದಲ್ಲಿ ಜೊತೆಯಾಗಿ ಬೆಳೆದದ್ದೇ ತಟ್ಟೆಗೂ ಜೊತೆಯಾಗಿ ಬರುತ್ತದೆ. ಇಥಿಯೋಪಿಯಾದ ಇಂಜೆರಾ ಎಂಬ ಟೆಫ್ ಧಾನ್ಯದ ಹುಳಿ ದೋಸೆ ಮತ್ತು ಬೇಳೆ ಸಾರು, ಈಜಿಪ್ಟಿನವರು ಅನ್ನಕ್ಕೆ ಮಸೂರ್ ಬೇಳೆ ಬೆರೆಸಿ ಮಾಡುವ ಕುಶಾರಿ, ಎಲ್ಲ ಕಡೆಯೂ ಧಾನ್ಯಕ್ಕೊಂದು ಕಾಳು.

ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ರಾಗಿಯಲ್ಲಿ ಚೆನ್ನಾಗಿದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಂತಿಲ್ಲ, ಒಂದೇ ದಿನದೊಳಗೆ ತಿಂದರೆ ಸಾಕು. ಮಾಂಸ, ಮೊಟ್ಟೆಗೆ ದುಡ್ಡು ಸಾಲದ ಮನೆಗೆ ಇದು ದೊಡ್ಡ ಆಸರೆ.

ಆದರೆ ಬೆಳೆಯಷ್ಟೇ ಸಾಲದು, ಅಡುಗೆಯ ರೀತಿಯೂ ಬೇಕು. ಮೆಕ್ಸಿಕೋದವರು ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆಯುತ್ತಾರೆ. ಜೋಳದೊಳಗೆ ಬಿಗಿಯಾಗಿ ಕೂತ ನಿಯಾಸಿನ್ ಎಂಬ ಬಿ ವಿಟಮಿನ್ ಆಗ ಮೈಗೆ ಸಿಗುವಂತಾಗುತ್ತದೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಉತ್ತರ ಇಟಲಿಯಲ್ಲಿ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಜೋಳವನ್ನೇ ನೆಚ್ಚಿದ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಸುಲಿಯಿತು, ಭೇದಿ ಹತ್ತಿತು, ಬುದ್ಧಿ ಕೆಟ್ಟಿತು, ಎಷ್ಟೋ ಜನ ಸತ್ತರು. ಅಂಟುರೋಗ ಅಂತ ಅಮೆರಿಕದಲ್ಲಿ ಅನೇಕರು ನಂಬಿದ್ದರು. ಅಲ್ಲ, ಇದು ಊಟದ ಕೊರತೆ ಎಂದು 1910ರ ದಶಕದಲ್ಲಿ ತೋರಿಸಿಕೊಟ್ಟವರು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್. ಆ ಕೊರತೆ ನಿಯಾಸಿನ್‌ನದು ಅಂತ ಗೊತ್ತಾಗಿದ್ದು 1937ರಲ್ಲಿ.

ನಮ್ಮ ರಾಗಿಯೂ ಪೂರ್ವ ಆಫ್ರಿಕಾದಿಂದ ಬಂದದ್ದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಆದರೆ ರಾಗಿಯಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮನೆಯಲ್ಲಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ನಾನು ಅಂಗಡಿಯ ರಾಗಿ ಬಿಸ್ಕತ್ತಿಗಿಂತ ನೂರು ಪಾಲು ಮೇಲು ಅನ್ನುತ್ತೇನೆ. ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆಯೇ ಜಾಸ್ತಿ ಇರುವುದುಂಟು. ಪ್ಯಾಕೆಟ್ ತಿರುಗಿಸಿ ಓದಿ ನೋಡಿ.

ಬಸ್ಸಾರಂತೂ ಬಹಳ ಜಾಣ ಅಡುಗೆ. ಸೊಪ್ಪು, ಕಾಳು ಬೇಯಿಸಿದಾಗ ಬಿ ಗುಂಪಿನ ವಿಟಮಿನ್‌ಗಳು ನೀರಿಗೆ ಇಳಿಯುತ್ತವೆ. ಆ ನೀರನ್ನು ನಾವು ಚೆಲ್ಲುವುದಿಲ್ಲ, ಬಸಿದು ಸಾರು ಮಾಡುತ್ತೇವೆ. ಉಳಿದದ್ದು ಪಲ್ಯ. ಬೆರಕೆ ಸೊಪ್ಪು ಹೊಲದ ಬದುವಿನಲ್ಲಿ ಸುಮ್ನೆ ಸಿಗುತ್ತದೆ, ನುಗ್ಗೆ ಸೊಪ್ಪು ಹಿತ್ತಲಲ್ಲಿ.

ಇದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಅದರ ವಿಟಮಿನ್ ಸಿ ಸೊಪ್ಪು, ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಬಿಸಿಗೆ ಅದು ಕೆಡುತ್ತದೆ, ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ಹಿಂಡುವುದು ಒಳ್ಳೆಯದು. ಊಟವಾದ ತಕ್ಷಣ ಟೀ ಕುಡಿಯಬೇಡಿ. ಟೀಯ ಟ್ಯಾನಿನ್ ಅದೇ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆ ಕಳೆದು ಕುಡಿದರಾಯಿತು.