ಪ್ಯಾಚ್ ಉಳಿಯಿತು, ಕಾರಣ ಎಲ್ಲಿ ಹೋಯಿತು?

ಲಿನಕ್ಸ್ ಮನಸ್ಸಿನಲ್ಲಿಟ್ಟುಕೊಂಡು ಬರೆದ ತಂತ್ರಾಂಶವನ್ನು ನೆಟ್‌ಬಿಎಸ್‌ಡಿಯೋ ಹೈಕುವೋ ಆದ ಬೇರೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ (ಓಎಸ್) ಓಡಿಸಬೇಕೆಂದರೆ ಮೂಲ ಕೋಡನ್ನು ಅಲ್ಲಲ್ಲಿ ತಿದ್ದಬೇಕಾಗುತ್ತದೆ. ಆ ತಿದ್ದುಪಡಿಯೇ ಪ್ಯಾಚ್. ಏನು ತಿದ್ದಿದರು ಎಂಬುದು ಪ್ಯಾಚ್ ತೆರೆದರೆ ಕಾಣುತ್ತದೆ. ಏಕೆ ತಿದ್ದಿದರು ಎಂಬುದು ಎಷ್ಟೋ ಸಲ ಎಲ್ಲಿಯೂ ಇರುವುದಿಲ್ಲ. ಪೋರ್ಟಿಂಗ್ (ಹೀಗೆ ಬೇರೆ ಓಎಸ್‌ಗೆ ಹೊಂದಿಸುವುದು) ದಾಖಲೆಗಳ ಸುತ್ತಲಿನ ತಕರಾರೆಲ್ಲ ಹುಟ್ಟುವುದು ಇಲ್ಲಿಂದ.

80ರ ದಶಕದಲ್ಲಿ ಯುನಿಕ್ಸ್‌ಗೆ ಹತ್ತಾರು ತಳಿಗಳಿದ್ದವು, ಕೋಡನ್ನು ಬಿಲ್ಡ್ ಮಾಡುವ (ಓಡುವ ಪ್ರೋಗ್ರಾಂ ಆಗಿ ಕಟ್ಟುವ) ಸೂಚನೆಗಳಿರುವ ಮೇಕ್‌ಫೈಲನ್ನು ಪ್ರತಿಯೊಬ್ಬರೂ ತಮ್ಮ ಯಂತ್ರಕ್ಕೆ ತಕ್ಕಂತೆ ಕೈಯಾರೆ ತಿದ್ದಿಕೊಳ್ಳುತ್ತಿದ್ದರು. 1991ರಲ್ಲಿ, ಯಂತ್ರವನ್ನು ತಾನೇ ಪರೀಕ್ಷಿಸಿ ಮೇಕ್‌ಫೈಲ್ ಹೊಂದಿಸುವ ಆಟೋಕಾನ್ಫ್ ಬಂದು ಆ ಕೆಲಸದ ಒಂದು ಪಾಲನ್ನು ಹಗುರ ಮಾಡಿತು. 1994ರಲ್ಲಿ ಫ್ರೀಬಿಎಸ್‌ಡಿ ಎಂಬ ಓಎಸ್‌ನ ಜೋರ್ಡನ್ ಹಬಾರ್ಡ್ ಪೋರ್ಟ್ಸ್ ವ್ಯವಸ್ಥೆಯನ್ನು ಶುರುಮಾಡಿದರು. ಮೂಲ ಕೋಡ್ ಎಲ್ಲಿಂದ ಇಳಿಸಬೇಕು, ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಎಷ್ಟು, ಯಾವ ಪ್ಯಾಚ್ ಹಾಕಬೇಕು, ಹೇಗೆ ಕಂಪೈಲ್ ಮಾಡಬೇಕು, ಎಲ್ಲವೂ ಒಂದೇ ಡೈರೆಕ್ಟರಿಯಲ್ಲಿ. 1997ರಲ್ಲಿ ನೆಟ್‌ಬಿಎಸ್‌ಡಿ ಇದನ್ನೇ ತೆಗೆದುಕೊಂಡು ಪಿಕೆಜಿಎಸ್‌ಆರ್‌ಸಿ ಕಟ್ಟಿತು. (ಬರೆಯುವುದು ಹೀಗೆ, ಓದುವುದು ಪ್ಯಾಕೇಜ್ ಸೋರ್ಸ್ ಎಂದು.)

ಜೊತೆಗೆ ಹೆಸರಿಡುವ ಪದ್ಧತಿಯೂ ಬಂತು: ಪ್ಯಾಚ್-ಎಎ, ಪ್ಯಾಚ್-ಎಬಿ, ಪ್ಯಾಚ್-ಎಸಿ. ಯಾವ ಫೈಲ್‌ಗೆ ಸೇರಿದ್ದು ಎಂದು ತಿಳಿಯಲು ತೆರೆದೇ ನೋಡಬೇಕು. ಒಂದು ಆವೃತ್ತಿಯಲ್ಲಿ ಬೇಡವೆಂದು ಅಳಿಸಿದ ಎಬಿ, ಎರಡು ವರ್ಷ ಬಿಟ್ಟು ಬೇರೊಂದು ಫೈಲ್‌ನ ತಿದ್ದುಪಡಿಯಾಗಿ ಮರಳಿ ಬರಬಹುದು. ಬದಲಾವಣೆಗಳನ್ನು ದಾಖಲಿಸುವ ಸಿವಿಎಸ್ ತಂತ್ರಾಂಶ ಚರಿತ್ರೆ ಇಡುವುದು ಫೈಲ್ ಹೆಸರಿನ ಲೆಕ್ಕದಲ್ಲಿ. ಹಾಗಾಗಿ ಸಂಬಂಧವಿಲ್ಲದ ಎರಡು ಕಥೆಗಳು ಒಂದೇ ಲಾಗ್‌ನಲ್ಲಿ ಹೆಣೆದುಕೊಳ್ಳುತ್ತವೆ.

ಮುಂದೆ ನಿಯಮ ಬಿಗಿಯಾಯಿತು. ಈಗ ಹೆಸರು ಫೈಲ್‌ನ ದಾರಿಯಿಂದಲೇ ಬರುತ್ತದೆ: ಎಸ್‌ಆರ್‌ಸಿ ಡೈರೆಕ್ಟರಿಯ ಮೇನ್.ಸಿ ತಿದ್ದಿದರೆ 'ಪ್ಯಾಚ್-ಎಸ್‌ಆರ್‌ಸಿ_ಮೇನ್.ಸಿ'. ಪಿಕೆಜಿವಿಐ ಎಂಬ ಸಾಧನ ಬಳಸಿ ಫೈಲ್ ತಿದ್ದಿದರೆ ಹಳೆಯ ಪ್ರತಿ ಪಕ್ಕದಲ್ಲೇ ಉಳಿಯುತ್ತದೆ. ಎಂಕೆಪ್ಯಾಚಸ್ ಎರಡನ್ನೂ ಹೋಲಿಸಿ ಪ್ಯಾಚ್ ತೆಗೆಯುತ್ತದೆ. ಕೊನೆಗೆ 'ಮೇಕ್ ಎಂಪಿಎಸ್' ಕೊಟ್ಟು ಚೆಕ್‌ಸಮ್ ಬರೆಸಬೇಕು. ಇದನ್ನು ಮರೆತರೆ ಬಿಲ್ಡ್ ಪ್ಯಾಚ್ ಹಂತದಲ್ಲೇ ನಿಲ್ಲುತ್ತದೆ. ಪ್ಯಾಚ್‌ನ ತಲೆಯಲ್ಲಿ ವಿವರಣೆ ಇಲ್ಲದಿದ್ದರೆ ಪಿಕೆಜಿಲಿಂಟ್ ಎಂಬ ತಪಾಸಣೆ ಸಾಧನ ಗದರುತ್ತದೆ. ಆದರೆ ಅದು ನೋಡುವುದು ವಿವರಣೆ ಇದೆಯೇ ಎಂದಷ್ಟೇ. 'ಬಿಲ್ಡ್ ಸರಿಪಡಿಸಲು' ಎಂಬ ಒಂದು ಸಾಲೂ ಪಾಸಾಗುತ್ತದೆ. ಡೆಬಿಯನ್ ಬಳಗದ 2009ರ ಡೆಪ್-3 ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ಯಾಚನ್ನು ಮೂಲ ಲೇಖಕರಿಗೆ ಕಳಿಸಿದ್ದಾರೆಯೇ ಎಂದು ದಾಖಲಿಸಲು 'ಫಾರ್ವರ್ಡೆಡ್' ಎಂಬ ಕಾಲಂ ಇಟ್ಟಿತು.

ಕಾರಣ ಬರೆಯದಿದ್ದರೆ ಏನಾಗುತ್ತದೆ? ಹೈಕು ನೋಡಿ. ಬಿಓಎಸ್ ಎಂಬ ಓಎಸ್‌ನ ಕಂಪನಿ 2001ರಲ್ಲಿ ಪಾಮ್ ಕಂಪನಿಯ ಪಾಲಾದಾಗ ಅದರ ಅಭಿಮಾನಿಗಳು ಮೊದಲಿನಿಂದ ಕಟ್ಟತೊಡಗಿದ ಓಎಸ್ ಇದು. ಇಲ್ಲಿ ಪೋರ್ಟ್ ವಿವರಗಳಿರುವ ಫೈಲ್‌ಗೆ ರೆಸಿಪಿ ಎನ್ನುತ್ತಾರೆ. ಕೆಲವು ತೊಂದರೆ ಬಿಲ್ಡ್ ಹೊತ್ತಿಗೇ ಕೈಗೆ ಸಿಗುತ್ತವೆ. ಓಎಸ್ ಹೆಸರು ಗುರುತಿಸುವ ಕಾನ್ಫಿಗ್.ಸಬ್ ಫೈಲ್ ಹಳೆಯದಾದರೆ ಅದಕ್ಕೆ ಹೈಕು ಗೊತ್ತೇ ಇಲ್ಲ, ಹೊಸದನ್ನು ತಂದು ಹಾಕಿದರಾಯಿತು. ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಬಳಸುವ ಪ್ರೋಗ್ರಾಂಗೆ ಲಿಬ್‌ನೆಟ್‌ವರ್ಕ್ ಲೈಬ್ರರಿ ಲಿಂಕ್ ಮಾಡಬೇಕು.

ಎರರ್ ಸಂಖ್ಯೆಗಳದು ಬೇರೆಯೇ ಬಗೆ. 'ಅಂಥ ಫೈಲ್ ಇಲ್ಲ' ಎನ್ನಲು ಲಿನಕ್ಸ್ ಬಳಸುವುದು 2. ಹೈಕುವಿನಲ್ಲಿ ಅದೇ ಎರರ್ -2147459069. ಅಲ್ಲಿ ಎರರ್‌ನೋ (ಎರರ್ ಸಂಖ್ಯೆಯ ಹೆಸರು) ಋಣ ಸಂಖ್ಯೆ. ಫಂಕ್ಷನ್ ಸೋತಾಗ ಎರರ್‌ನೋ ಮುಂದೆ ಮೈನಸ್ ಹಾಕಿ ಹಿಂದಿರುಗಿಸುವುದು, ಕರೆದವರು ಸೊನ್ನೆಗಿಂತ ಕಡಿಮೆಯೇ ಎಂದು ನೋಡುವುದು ಲಿನಕ್ಸ್ ಕೋಡ್‌ನಲ್ಲಿ ರೂಢಿ. ಹೈಕುವಿನಲ್ಲಿ ಎರಡು ಮೈನಸ್ ಸೇರಿ ಪ್ಲಸ್ ಆಗಿ, ಸೋಲು ಗೆಲುವಿನಂತೆ ಕಾಣುತ್ತದೆ. ಕಂಪೈಲರ್ ಚಕಾರ ಎತ್ತುವುದಿಲ್ಲ. ಪರಿಹಾರ ಎರಡು: ಆ ಜಾಗಗಳಲ್ಲಿ ಚಿಹ್ನೆ ತಿದ್ದುವುದು, ಇಲ್ಲವೇ ಎರರ್ ಸಂಖ್ಯೆಗಳನ್ನು ಧನವಾಗಿಸುವ ಪಾಸಿಕ್ಸ್ ಎರರ್ ಮ್ಯಾಪರ್ ಲಿಂಕ್ ಮಾಡುವುದು. ಮ್ಯಾಪರ್ ಇರುವ ಲೈಬ್ರರಿ, ಇಲ್ಲದ ಅಪ್ಲಿಕೇಶನ್‌ಗೆ ಎರರ್ ಸಂಖ್ಯೆಯನ್ನೇ ದಾಟಿಸಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಈಗ ಹೊಸ ಆವೃತ್ತಿ ಬಂತೆನ್ನಿ. ಹಳೆಯ ಪ್ಯಾಚ್ ಕೂರುವುದಿಲ್ಲ, ಕೂರದ ತುಣುಕುಗಳ .ರೆಜ್ ಫೈಲ್ ಬೀಳುತ್ತದೆ. ಹೊಸ ಪೋರ್ಟರ್‌ಗೆ ಕಾಣುವುದು ಒಂದು ಮೈನಸ್ ತೆಗೆದ ಸಾಲು. ಪಕ್ಕದಲ್ಲಿ 'ಹೈಕುವಿಗಾಗಿ' ಎಂದಷ್ಟೇ ಇದೆ. ಪ್ಯಾಚ್ ಬಿಟ್ಟು ಬಿಲ್ಡ್ ಮಾಡಿದರೆ ಒಂದು ಎಚ್ಚರಿಕೆಯೂ ಇಲ್ಲದೆ ಮುಗಿಯುತ್ತದೆ. ಹಾಗಾದರೆ ಬೇಡವೆಂದು ಅಳಿಸುತ್ತಾರೆ. ಅವರ ತರ್ಕದಲ್ಲಿ ತಪ್ಪಿಲ್ಲ. ಬಳಕೆದಾರರು ಇಲ್ಲದ ಫೈಲನ್ನು ತೆರೆಯಹೋದ ದಿನ ಪ್ರೋಗ್ರಾಂ ಕುಸಿಯುತ್ತದೆ.

ಪ್ಯಾಚನ್ನು ಮೂಲ ಯೋಜನೆಗೇ ಸೇರಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆದರೆ ಅದನ್ನು ನಡೆಸುವವರ ಬಳಿ ಆ ಓಎಸ್ ಇರುವುದು ಅಪರೂಪ. ಪರೀಕ್ಷಿಸಲಾಗದ ಕೋಡನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುವುದು ಸಹಜ. ಕಾರಣ ಬರೆಯದೆ ಕಳಿಸಿದ ಪ್ಯಾಚ್ ಆದರಂತೂ ಕೇಳುವುದೇ ಬೇಡ.

ಹೈಕುವಿನ ಪ್ಯಾಚ್‌ಸೆಟ್‌ಗಳು ಗಿಟ್ ಕಮಿಟ್ (ಟಿಪ್ಪಣಿ ಸಹಿತ ದಾಖಲಾದ ಬದಲಾವಣೆ) ರೂಪದಲ್ಲೇ ಇರುವುದರಿಂದ ಬರೆಯಲು ಜಾಗಕ್ಕೇನೂ ಕೊರತೆಯಿಲ್ಲ. ಮೇಲಿನ ಪ್ಯಾಚ್‌ಗೆ ಇಷ್ಟಿದ್ದರೂ ಸಾಕಿತ್ತು: 'ಹೈಕುವಿನಲ್ಲಿ ಎರರ್‌ನೋ ಋಣ. ಈ ಮೈನಸ್ ಉಳಿದರೆ ಫೈಲ್ ಇಲ್ಲದಿದ್ದಾಗಲೂ ಓಪನ್ ಗೆದ್ದಂತೆ ಕಾಣುತ್ತದೆ. ಬಿಲ್ಡ್‌ನಲ್ಲಿ ಗೊತ್ತಾಗದು, ಇಲ್ಲದ ಫೈಲ್ ಹೆಸರು ಕೊಟ್ಟು ಓಡಿಸಿ ನೋಡಿ. ಮೂಲ ಯೋಜನೆಗೆ ಕಳಿಸಿಲ್ಲ.'