ಹಾಬಿಟ್: ಮೊದಲು ಹುಟ್ಟಿದ್ದು ಪದ, ಆಮೇಲೆ ಅದರ ವಂಶ

ಹಾಬಿಟ್ ಅನ್ನುವುದು ಒಂದು ಕುಳ್ಳ ಜನಾಂಗದ ಹೆಸರು. ಇವರ ಎತ್ತರ 2ರಿಂದ 4 ಅಡಿ. ಪಾದದ ಮೇಲೆ ದಟ್ಟವಾದ ಗುಂಗುರು ಕೂದಲು, ಅಂಗಾಲು ತುಂಬಾ ಗಟ್ಟಿ. ಹಾಗಾಗಿ ಪಾದರಕ್ಷೆಯ ಗೊಡವೆಯೇ ಇಲ್ಲ. ಗುಡ್ಡದ ಒಡಲಲ್ಲಿ ಬಿಲ ಕೊರೆದು, ಅದಕ್ಕೆ ದುಂಡನೆಯ ಬಾಗಿಲಿಟ್ಟು, ಒಳಗೆ ಅಚ್ಚುಕಟ್ಟಾಗಿ ಬಾಳುತ್ತಾರೆ. ದಿನಕ್ಕೆ ಹಲವು ಸಲ ಊಟ, ಮನೆ ಮುಂದೆ ತೋಟ, ನೆಂಟರಿಷ್ಟರು, ಇಷ್ಟಿದ್ದರೆ ಅವರಿಗೆ ಸಾಕು. ಈ ಜನರನ್ನು ಕಲ್ಪಿಸಿದವರು ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕಿನ್. 'ದಿ ಹಾಬಿಟ್' ಪುಸ್ತಕ ಹೊರಬಂದದ್ದು 1937ರ ಸೆಪ್ಟೆಂಬರ್ 21ರಂದು.

ಅರ್ಥ ಇಷ್ಟೇ. ಆದರೆ ಈ ಪದ ಹುಟ್ಟಿದ ರೀತಿ, ಆಮೇಲೆ ಅದನ್ನು ಬೆಳೆಸಿದ ರೀತಿ ಇದೆಯಲ್ಲ, ಅದು ನನಗೆ ಕತೆಯಷ್ಟೇ ಇಷ್ಟ.

ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕರು. ಸಂಸಾರದ ಖರ್ಚು ತೂಗಿಸಲು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನೂ ತಿದ್ದುತ್ತಿದ್ದರು. ಮುಗಿಯದ ಕೆಲಸ, ಬೇಜಾರು. ಹೀಗೆ ತಿದ್ದುವಾಗ ಒಂದು ಪತ್ರಿಕೆಯಲ್ಲಿ ಖಾಲಿ ಹಾಳೆ ಸಿಕ್ಕಿತು. ಅದರ ಮೇಲೆ ಒಂದು ವಾಕ್ಯ ಗೀಚಿದರು: ನೆಲದೊಳಗಿನ ಒಂದು ಬಿಲದಲ್ಲಿ ಒಬ್ಬ ಹಾಬಿಟ್ ವಾಸವಾಗಿದ್ದ. ಯಾಕೆ ಬರೆದೆ ಅನ್ನುವುದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ ಎಂದು 1955ರಲ್ಲಿ ಕವಿ ಆಡೆನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಹಾಬಿಟ್ ಅಂದರೆ ಯಾರು, ಹೇಗಿರುತ್ತಾನೆ ಅನ್ನುವುದೆಲ್ಲ ಆಮೇಲೆ ಹುಡುಕಿಕೊಂಡದ್ದು. ಹೆಸರು ಮೊದಲು ಬಂತು, ಹೆಸರಿಗೆ ತಕ್ಕ ಜನ ಹಿಂದಿನಿಂದ ಬಂದರು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದರೇನೋ. ಕತೆಗೆ ಒಂದು ಹೆಸರು ಸಿಕ್ಕಿತು, ಸಾಕಲ್ವಾ? ಆದರೆ ಟೋಲ್ಕಿನ್ ಭಾಷೆಯ ಚರಿತ್ರೆ ಓದಿದವರು. ಬೇರಿಲ್ಲದ ಪದ ಅವರನ್ನು ಸುಮ್ನೆ ಕೂರಲು ಬಿಡಲಿಲ್ಲ. 'ದಿ ಹಾಬಿಟ್'ನ ಮುಂದುವರಿಕೆಯಾಗಿ 1954-55ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಅದಕ್ಕೊಂದು ಮೂಲ ಕಟ್ಟಿಕೊಟ್ಟರು. ಹಳೆ ಇಂಗ್ಲಿಷಿನಲ್ಲಿ 'ಹೊಲ್' ಅಂದರೆ ಬಿಲ, 'ಬಿಟ್ಲ' ಅಂದರೆ ಕಟ್ಟುವವನು. ಎರಡನ್ನೂ ಸೇರಿಸಿ 'ಹೊಲ್‌ಬಿಟ್ಲ', ಬಿಲ ಕಟ್ಟುವವನು, ಅನ್ನುವ ಪದ ಮಾಡಿದರು. ಇದು ಹಳೆ ಗ್ರಂಥಗಳಲ್ಲಿ ಎಲ್ಲೂ ಇಲ್ಲ, ಅವರೇ ಕಟ್ಟಿದ್ದು. ಆದರೆ ನಿಜವಾಗಿ ಇದ್ದಿದ್ದರೆ, ನೂರಾರು ವರ್ಷ ಜನರ ಬಾಯಲ್ಲಿ ಸವೆದು, ನಡುವಿನ ಲಕಾರ ಬಿದ್ದು, ಕೊನೆಯೂ ಉದುರಿ 'ಹಾಬಿಟ್' ಆಗುತ್ತಿತ್ತು. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆಗಿದೆ, 'ಪುಲಿ' 'ಹುಲಿ' ಆಗಿದೆ. ಭಾಷಾತಜ್ಞರು ಇಂದಿನ ರೂಪ ನೋಡಿ ಹಿಂದಿನ ರೂಪ ಊಹಿಸುತ್ತಾರೆ. ಟೋಲ್ಕಿನ್ ತಾವೇ ಹುಟ್ಟಿಸಿದ ಪದದ ಮೇಲೆ ಇದೇ ವಿದ್ಯೆ ಪ್ರಯೋಗಿಸಿದರು.

ಇಷ್ಟಕ್ಕೂ ನಿಲ್ಲಲಿಲ್ಲ. ಅವರ ಕತೆಯ ಪ್ರಕಾರ ಈ ಪುಸ್ತಕವೇ ಒಂದು ಪುರಾತನ ಹಸ್ತಪ್ರತಿಯ ಅನುವಾದ. ಹಾಗಾದರೆ ಆ ಕಾಲದ ಜನ ಇಂಗ್ಲಿಷ್ ಮಾತಾಡಿರಲಾರರು. ಹಾಬಿಟರು ತಮ್ಮನ್ನು ನಿಜಕ್ಕೂ ಕರೆದುಕೊಳ್ಳುತ್ತಿದ್ದದ್ದು 'ಕುದುಕ್' ಎಂದು. ರೋಹಾನ್ ರಾಜ್ಯದವರ ಮಾತಿನಲ್ಲಿ ಬಿಲವಾಸಿಗೆ 'ಕೂದ್-ದೂಕನ್' ಎಂಬ ಪದವಿತ್ತು. ಕುದುಕ್ ಅದರ ಸವೆದ ರೂಪ. ಕೂದ್-ದೂಕನ್‌ಗೂ ಕುದುಕ್‌ಗೂ ಇರುವ ನಂಟೇ ಹೊಲ್‌ಬಿಟ್ಲಗೂ ಹಾಬಿಟ್‌ಗೂ ಇದೆ ಎಂದು ಪುಸ್ತಕದ ಅನುಬಂಧದಲ್ಲಿ ವಿವರಿಸುತ್ತಾರೆ. ಓದುಗರಲ್ಲಿ ಎಷ್ಟೋ ಜನ ಆ ಪುಟದವರೆಗೆ ಹೋಗುವುದೇ ಇಲ್ಲ. ದಯವಿಟ್ಟು ಹೋಗಿ. ಆ ಲೋಕ ಯಾಕೆ ಅಷ್ಟು ನಿಜ ಅನ್ನಿಸುತ್ತದೆ ಅನ್ನುವುದಕ್ಕೆ ಉತ್ತರ ಯುದ್ಧದ ಅಧ್ಯಾಯಗಳಿಗಿಂತ ಜಾಸ್ತಿ ಅಲ್ಲಿದೆ.

ಅವರ ಬೇರೆ ಎಷ್ಟೋ ಪದಗಳ ದಾರಿ ಇದಕ್ಕೆ ತಿರುಗುಮುರುಗು. ಹಳೆಯ ಪದವನ್ನೇ ಎತ್ತಿಕೊಂಡು ಹೊಸ ಜೀವ ಕೊಟ್ಟದ್ದು. ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರು ಹಳೆ ನಾರ್ಸ್ (ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆ) ಕಾವ್ಯ 'ವೊಲುಸ್ಪಾ'ದಲ್ಲಿರುವ ಕುಬ್ಜರ ಪಟ್ಟಿಯಿಂದ ಬಂದದ್ದು. ನಡೆದಾಡುವ ಮರಗಳಂಥ ಎಂಟ್‌ಗಳ ಹೆಸರಿಗೆ ಹಳೆ ಇಂಗ್ಲಿಷಿನಲ್ಲಿ ದೈತ್ಯ ಎಂಬ ಅರ್ಥ. ಸ್ಮೌಗ್ ಎಂಬ ಡ್ರ್ಯಾಗನ್ನಿನ ಹೆಸರಂತೂ ಪುರಾತನ ಜರ್ಮ್ಯಾನಿಕ್ ಭಾಷೆಯ ಒಂದು ಕ್ರಿಯಾಪದದ ಭೂತಕಾಲ. ಸಂದಿಯಲ್ಲಿ ನುಸುಳಿದ ಎಂದು ಅರ್ಥ. ಇದನ್ನು ಟೋಲ್ಕಿನ್ನರೇ 1938ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ್ದರು. ಹಾಬಿಟರ ಬಿಲಮನೆಗೆ 'ಸ್ಮಯಲ್' ಎಂಬ ಹೆಸರು, ಮಾಯದ ಉಂಗುರದ ಆಸೆಗೆ ಬಿದ್ದ ಗೊಲ್ಲಮ್‌ನ ಮೊದಲ ಹೆಸರು ಸ್ಮೇಗಾಲ್. ಅವೂ ಇದೇ ಬೇರಿನವು. ಸ್ನೇಹಜೀವಿ ಹಾಬಿಟ್, ಕೆಟ್ಟುಹೋದ ಗೊಲ್ಲಮ್, ಬಂಗಾರದ ಮೇಲೆ ಮಲಗಿದ ಡ್ರ್ಯಾಗನ್, ಮೂವರೂ ಬಿಲಕ್ಕೆ ನುಸುಳುವವರೇ. ಕತೆಯಲ್ಲಿ ಎಲ್ಲೂ ಬಾಯಿಬಿಟ್ಟು ಹೇಳದ ಈ ನಂಟನ್ನು ಪದಗಳು ಹೊತ್ತುಕೊಂಡಿವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಮ್ಯಾದಮ್' ಎಂಬ ಪದ. ಹಳೆ ಇಂಗ್ಲಿಷಿನಲ್ಲಿ ಇದಕ್ಕೆ ನಿಧಿ, ಬೆಲೆಬಾಳುವ ಉಡುಗೊರೆ ಎಂಬ ಅರ್ಥವಿತ್ತು. ಹಾಬಿಟರ ಬಾಯಲ್ಲಿ ಅದೇ ಪದಕ್ಕೆ ಸದ್ಯಕ್ಕೆ ಉಪಯೋಗವಿಲ್ಲದ, ಆದರೆ ಎಸೆಯಲೂ ಮನಸ್ಸು ಬಾರದ ವಸ್ತು ಎಂಬ ಅರ್ಥ. ಹಾಬಿಟರು ತಮ್ಮ ಹುಟ್ಟುಹಬ್ಬದಂದು ತಾವೇ ಬೇರೆಯವರಿಗೆ ಉಡುಗೊರೆ ಕೊಡುತ್ತಾರೆ. ಕೊಟ್ಟ ವಸ್ತು ಎಷ್ಟೋ ಸಲ ಇನ್ನೊಬ್ಬರ ಮನೆಯ ಅಟ್ಟದಿಂದ ಇಳಿದು ಬಂದ ಮ್ಯಾದಮ್. ಹೀಗೆ ಅದು ಊರೆಲ್ಲ ಸುತ್ತುತ್ತದೆ. ಅವರ ವಸ್ತುಸಂಗ್ರಹಾಲಯಕ್ಕೂ ಮ್ಯಾದಮ್ ಮನೆ ಎಂದೇ ಹೆಸರು. ರಾಜರ ಬೊಕ್ಕಸದಲ್ಲಿದ್ದ ಪದ ಹೀಗೆ ಅಟ್ಟ ಸೇರಿದ್ದನ್ನು ನೋಡಿದರೆ, ಆ ಜನರ ಸ್ವಭಾವ ಮತ್ತೆ ಬೇರೆ ವಿವರಿಸಬೇಕಾಗಿಲ್ಲ.

ಹಾಬಿಟ್ ಪದ ಟೋಲ್ಕಿನ್ನರೇ ಹುಟ್ಟಿಸಿದ್ದು ಅನ್ನುವುದಕ್ಕೆ ಒಂದು ತಕರಾರೂ ಇದೆ. ಮೈಕೆಲ್ ಡೆನ್‌ಹ್ಯಾಮ್ ಎಂಬ ಜಾನಪದ ಸಂಗ್ರಾಹಕರು 19ನೇ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ದೆವ್ವ, ಭೂತ, ಯಕ್ಷಿಣಿಗಳ ಉದ್ದನೆಯ ಪಟ್ಟಿ ಮಾಡಿದ್ದರು. 1895ರಲ್ಲಿ ಮತ್ತೆ ಅಚ್ಚಾದ ಆ ಪಟ್ಟಿಯಲ್ಲಿ 'ಹಾಬಿಟ್ಸ್' ಎಂಬ ಹೆಸರೂ ಇದೆ. ಟೋಲ್ಕಿನ್ ಅದನ್ನು ನೋಡಿದ್ದರು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನೋಡಿದ್ದರೂ ಅವರ ಶ್ರಮ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಡೆನ್‌ಹ್ಯಾಮ್ ಪಟ್ಟಿಯಲ್ಲಿ ಅದು ಬರೀ ಒಂದು ಹೆಸರು. ರೂಪವಿಲ್ಲ, ಊರಿಲ್ಲ, ಊಟವಿಲ್ಲ.

ಪದ ಮುಂದೆ ಎಲ್ಲೆಲ್ಲೋ ಹೋಯಿತು. 1919-20ರಲ್ಲಿ ಯುವಕ ಟೋಲ್ಕಿನ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಕೆಲಸ ಮಾಡಿ, ಡಬ್ಲ್ಯೂ ಅಕ್ಷರದ ಪದಗಳ ಮೂಲ ಹುಡುಕಿದ್ದರು. 50 ವರ್ಷದ ನಂತರ ಅದೇ ನಿಘಂಟಿನವರು 'ಹಾಬಿಟ್' ಪದದ ಬಗ್ಗೆ ಅವರನ್ನೇ ಕೇಳಿದರು. 1976ರ ಪುರವಣಿ ಸಂಪುಟದಲ್ಲಿ ಪದ ಸೇರಿತು. ಆಗ ಅವರು ತೀರಿಕೊಂಡು ಮೂರು ವರ್ಷ ಆಗಿತ್ತು. 2003ರಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗುಹೆಯಲ್ಲಿ, ಸುಮಾರು ಒಂದು ಮೀಟರ್ ಎತ್ತರದ ಹಳೆಯ ಮಾನವ ಜಾತಿಯೊಂದರ ಎಲುಬು ಸಿಕ್ಕಿದಾಗ, ಅದಕ್ಕೂ ಹಾಬಿಟ್ ಎಂಬ ಅಡ್ಡಹೆಸರು ಅಂಟಿತು. ಇನ್ನೊಂದು ಕಡೆ ಈ ಪದಕ್ಕೆ ವ್ಯಾಪಾರದ ಹಕ್ಕಿನ ಬೇಲಿಯೂ ಬಿತ್ತು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದವರು ಹಾಬಿಟ್ ಬಿಟ್ಟು 'ಹಾಫ್‌ಲಿಂಗ್' ಅನ್ನಬೇಕಾಯಿತು.

ಅನುವಾದದ ವಿಷಯದಲ್ಲಿ ಟೋಲ್ಕಿನ್ ಕಟ್ಟುನಿಟ್ಟು. 1947ರ ಸ್ವೀಡಿಷ್ ಅನುವಾದ ಹಾಬಿಟ್ ಅನ್ನು 'ಹೊಂಪೆನ್' ಎಂದು ಬದಲಿಸಿತ್ತು. ಅಂಥದ್ದು ಇನ್ನು ಮುಂದೆ ಆಗಕೂಡದು ಎಂದು 1956ರಲ್ಲಿ ಪ್ರಕಾಶಕರಿಗೆ ಖಾರವಾಗಿ ಬರೆದರು. ಹಾಬಿಟರಿಗೇ ತಮ್ಮ ಹೆಸರಿನ ಅರ್ಥ ಮರೆತುಹೋಗಿದೆ, ಆದ್ದರಿಂದ ಅದನ್ನು ಅನುವಾದಿಸಬೇಡಿ ಅನ್ನುವುದು ಅವರ ಸೂಚನೆ. ಹಾಗಾಗಿ ಕನ್ನಡದಲ್ಲೂ 'ಬಿಲವಾಸಿ' ಬೇಡ, 'ಹಾಬಿಟ್' ಎಂದೇ ಇರಲಿ.

ಆದರೆ ಇಂಗ್ಲಿಷಿನಲ್ಲಿ ಏಳದ ಒಂದು ಪ್ರಶ್ನೆ ಕನ್ನಡದಲ್ಲಿ ಏಳುತ್ತದೆ. ಹಾಬಿಟ್ ಬಂದನೋ, ಬಂತೋ? ಬಹುವಚನ ಹಾಬಿಟರೋ, ಹಾಬಿಟ್‌ಗಳೋ? ನಮ್ಮ ವ್ಯಾಕರಣ ಮನುಷ್ಯರನ್ನೂ ಉಳಿದ ಜೀವಿಗಳನ್ನೂ ಬೇರೆ ಮಾಡುತ್ತದೆ, ಇಂಗ್ಲಿಷಿನ ಬಹುವಚನಕ್ಕೆ ಆ ಚಿಂತೆ ಇಲ್ಲ. ಹಾಬಿಟರು ಮನುಷ್ಯರ ಹತ್ತಿರದ ಸಂಬಂಧಿಗಳು ಎಂದು ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಪೀಠಿಕೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಆದ್ದರಿಂದ ಹಾಬಿಟ್ ಬಂದ, ಹಾಬಿಟರು ಬಂದರು ಎಂದು ಬರೆಯುವುದೇ ಸರಿ.