ದಾನಿಗಳ ಮೊಬೈಲ್ ಸಂಖ್ಯೆ ಪುಸ್ತಕದಲ್ಲಿದೆ, ಮುಂದೇನು ಮಾಡಬೇಕು?

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಸಣ್ಣ ಟ್ರಸ್ಟ್. ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ. ಹಲವು ವರ್ಷಗಳಿಂದ ನೆರವು ಕೊಟ್ಟವರ ಮತ್ತು ಕಾರ್ಯಕ್ರಮಗಳಿಗೆ ಬಂದವರ ಸುಮಾರು ಎಂಟುನೂರು ಮೊಬೈಲ್ ಸಂಖ್ಯೆಗಳು ನಮ್ಮ ಬಳಿ ಇವೆ. ಇವರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ ದಾನಕ್ಕೆ ಮನವಿ ಮಾಡಬಹುದೇ, ಅಥವಾ ಎಸ್ಸೆಮ್ಮೆಸ್ ಕಳಿಸುವುದು ಮೇಲೇ?

ಉತ್ತರ: ಗುಂಪಿಗೆ ಸೇರಿಸಬೇಡಿ. ವಾಟ್ಸಾಪ್ ಗುಂಪಿನಲ್ಲಿ 1024 ಮಂದಿಗೆ ಜಾಗವಿರುವುದರಿಂದ ನಿಮ್ಮ ಪಟ್ಟಿ ಅದರಲ್ಲಿ ಹಿಡಿಸುತ್ತದೆ ಎಂಬುದು ನಿಜ. ಆದರೆ ಅಲ್ಲಿ ಒಬ್ಬರ ಸಂಖ್ಯೆ ಉಳಿದ ಎಲ್ಲರಿಗೂ ಕಾಣುತ್ತದೆ. ಸಂದೇಶ ಹಾಕುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಮಾತ್ರ ಉಳಿಸಿಕೊಂಡರೆ ಶುಭೋದಯದ ಚಿತ್ರಗಳು ನಿಲ್ಲಬಹುದು, ಸಂಖ್ಯೆಗಳು ಬಯಲಾಗುವುದು ನಿಲ್ಲುವುದಿಲ್ಲ. ನಿಮ್ಮ ಸಂಸ್ಥೆಯನ್ನು ನಂಬಿ ರಸೀದಿ ಪುಸ್ತಕದಲ್ಲಿ ಸಂಖ್ಯೆ ಬರೆದುಕೊಟ್ಟ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ಎಂಟುನೂರು ಅಪರಿಚಿತರಿಗೆ ಕೊಟ್ಟಿರಲಿಲ್ಲ. ಎಸ್ಸೆಮ್ಮೆಸ್, ವಾಟ್ಸಾಪ್, ಕರೆ ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಹೋಗುವ ಮೊದಲು ಪಟ್ಟಿಯನ್ನೇ ಒಮ್ಮೆ ನೋಡಬೇಕಾಗುತ್ತದೆ.

ಹಳೆಯ ಪಟ್ಟಿಯಲ್ಲಿ ಎರಡು ತೊಡಕುಗಳಿರುತ್ತವೆ. ನಮ್ಮ ದೇಶದಲ್ಲಿ ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಲು ಅವಕಾಶವಿದೆಯಾದ್ದರಿಂದ, ಕೆಲವು ವರ್ಷಗಳ ಹಿಂದೆ ದಾನ ಕೊಟ್ಟವರ ಸಂಖ್ಯೆ ಇಂದು ನಿಮ್ಮ ಹೆಸರನ್ನೇ ಕೇಳದ ಯಾರದೋ ಕೈಯಲ್ಲಿರಬಹುದು. ಇನ್ನೊಂದು ತೊಡಕು ಒಪ್ಪಿಗೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುತ್ತವೆ. ಸಂಖ್ಯೆಯನ್ನು ಯಾವ ಉದ್ದೇಶಕ್ಕೆ ಬಳಸುತ್ತೀರಿ ಎಂದು ತಿಳಿಸಬೇಕು, ಆ ತಿಳಿವಳಿಕೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎನ್ನುತ್ತದೆ ಕಾಯ್ದೆ. ಹಿಂದೆಯೇ ಒಪ್ಪಿಗೆ ಕೊಟ್ಟವರಿಗೂ ಈ ತಿಳಿವಳಿಕೆಯನ್ನು ಕಳಿಸಬೇಕಾಗುತ್ತದೆ. ಕಾಯ್ದೆಯ ಭಯಕ್ಕಿಂತ ಲೋಕರೂಢಿಯ ಮರ್ಯಾದೆಗಾಗಿಯೇ ಇದನ್ನು ಈಗಲೇ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಒಪ್ಪಿಗೆ ಕೇಳಲು ಎಂಟುನೂರು ಮಂದಿಗೆ ಒಂದೇ ದಿನ ಕರೆ ಮಾಡಲಾಗದು, ನಿಜ. ಆದರೆ ಸಂಜೆ ಪಾಠಕ್ಕೆ ಬರುವ ಸ್ವಯಂಸೇವಕರು ಹಂಚಿಕೊಂಡರೆ ಕೆಲವು ವಾರಗಳಲ್ಲಿ ಮುಗಿಯುವ ಕೆಲಸವಿದು. ಕರೆಯಲ್ಲಿ ಹಣದ ಮಾತು ಬೇಡ. ಸಂಸ್ಥೆಯ ಹೆಸರು ಹೇಳಿ, ಸುದ್ದಿ ಕಳಿಸಬಹುದೇ, ವಾಟ್ಸಾಪ್‌ನಲ್ಲೋ ಎಸ್ಸೆಮ್ಮೆಸ್‌ನಲ್ಲೋ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂದು ಕೇಳಿ, ಒಪ್ಪಿದ ದಿನಾಂಕದೊಡನೆ ಬರೆದುಕೊಂಡರೆ ಸಾಕು. ಪಟ್ಟಿ ಅರ್ಧಕ್ಕೆ ಇಳಿದರೂ ಬೇಸರಪಡಬೇಕಿಲ್ಲ, ಏಕೆಂದರೆ ಉಳಿದವರು ನಿಮ್ಮ ಸಂದೇಶವನ್ನು ತೆರೆದು ಓದುವವರು.

ಈಗ ಎಸ್ಸೆಮ್ಮೆಸ್. ಸಂಸ್ಥೆಯ ಹೆಸರಿನಲ್ಲಿ ಸಗಟು ಸಂದೇಶ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಂತೆ ದೂರಸಂಪರ್ಕ ಕಂಪನಿಯೊಂದರ, ಸಗಟು ಸಂದೇಶ ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಕಳಿಸುವವರ ಹೆಸರಾಗಿ ಕಾಣುವ ಹೆಡರ್‌ಗೂ ಸಂದೇಶದ ಪ್ರತಿಯೊಂದು ಮಾದರಿಗೂ ಮೊದಲೇ ಅನುಮೋದನೆ ಪಡೆಯಬೇಕು. ಸಂದೇಶದೊಳಗೆ ಜಾಲಕೊಂಡಿ ಹಾಕುವುದಾದರೆ ಅದನ್ನೂ ಮುಂಚಿತವಾಗಿ ನೋಂದಾಯಿಸಿರಬೇಕು. 2024ರ ಅಕ್ಟೋಬರ್‌ನಿಂದ ನೋಂದಾಯಿಸದ ಕೊಂಡಿಯುಳ್ಳ ಸಂದೇಶಗಳನ್ನು ತಡೆಹಿಡಿಯಲಾಗುತ್ತಿದೆ. ದಾನ ತಲುಪಿದ ವಿಷಯ ತಿಳಿಸುವುದು ಸೇವಾ ವರ್ಗದ ಸಂದೇಶ, ದಾನ ಕೇಳುವುದು ಪ್ರಚಾರ ವರ್ಗದ್ದು. ಪ್ರಚಾರದ ಸಂದೇಶಗಳು ಬೇಡವೆಂದು 1909 ಎಂಬ ದೂರವಾಣಿ ಸಂಖ್ಯೆಯ ಮೂಲಕ ದಾಖಲಿಸಿಕೊಂಡವರಿಗೆ ಎರಡನೆಯದು ತಲುಪುವುದಿಲ್ಲ. ಮನವಿಗೆ ಎಸ್ಸೆಮ್ಮೆಸ್ ನೆಚ್ಚಿಕೊಳ್ಳಬೇಡಿ, ಸ್ವೀಕೃತಿಗೆ ಬಳಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಕಳಿಸುವವರು ಅರಿತಿರಬೇಕಾದ ಲೆಕ್ಕವೊಂದಿದೆ. ಇಂಗ್ಲಿಷ್ ಅಕ್ಷರಗಳ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಸ್ಥಾನಗಳಿದ್ದರೆ ಯೂನಿಕೋಡ್ ಕನ್ನಡಕ್ಕೆ ಇರುವುದು 70 ಮಾತ್ರ. ಅದರಲ್ಲಿಯೂ ಒತ್ತಕ್ಷರ, ಕಾಗುಣಿತದ ಚಿಹ್ನೆಗಳೆಲ್ಲ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ಕಣ್ಣಿಗೆ ಆರು ಅಕ್ಷರವಾಗಿ ಕಾಣುವ ‘ಧನ್ಯವಾದಗಳು’ ಹತ್ತು ಸ್ಥಾನಗಳನ್ನು ತಿನ್ನುತ್ತದೆ. ಸಂದೇಶ 70 ಮೀರಿದರೆ ಅದು 67 ಸ್ಥಾನಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಹಣ ತೆರಬೇಕಾಗುತ್ತದೆ. ಹಾಗೆಂದು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ಅಗತ್ಯವಿಲ್ಲ, ಮಾತು ಕಡಿಮೆ ಮಾಡಿದರಾಯಿತು: ‘ನಿಮ್ಮ ರೂ. 500 ತಲುಪಿತು. ರಸೀದಿ ಸೋಮವಾರದೊಳಗೆ ಬರುತ್ತದೆ. ಧನ್ಯವಾದಗಳು.’ ಇದು 70ರೊಳಗೆ ಮುಗಿಯುತ್ತದೆ.

ಸ್ಮಾರ್ಟ್‌ಫೋನ್ ಇರುವ ಬೆಂಬಲಿಗರಿಗೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ನಿಮ್ಮ ಗಾತ್ರದ ಸಂಸ್ಥೆಗೆ ಒಗ್ಗುವ ದಾರಿ. ಒಂದು ಪಟ್ಟಿಯಲ್ಲಿ 256 ಮಂದಿಯವರೆಗೆ ಇರಬಹುದು, ಸಂದೇಶ ಪ್ರತಿಯೊಬ್ಬರಿಗೂ ಖಾಸಗಿಯಾಗಿಯೇ ತಲುಪುತ್ತದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ ಎಂಬ ನಿಬಂಧನೆಯನ್ನು ಹಲವರು ಕೊರತೆಯೆಂದು ದೂರುತ್ತಾರೆ. ಒಪ್ಪಿಗೆ ಪಡೆಯುವ ಕರೆಯಲ್ಲಿಯೇ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿ’ ಎಂದು ಕೋರಿದರೆ ಅದೇ ಅನುಕೂಲವಾಗುತ್ತದೆ. ಪಟ್ಟಿ ಸಾವಿರಗಳಿಗೆ ಬೆಳೆದಾಗ ವಾಟ್ಸಾಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್ ಕಡೆಗೆ ಹೋಗಬೇಕಾದೀತು. ಅಲ್ಲಿ ನೀವಾಗಿ ಕಳಿಸುವ ಸಂದೇಶದ ಮಾದರಿಗೆ ಅನುಮೋದನೆ ಬೇಕು, ಶುಲ್ಕವೂ ಉಂಟು. ದಾನಿಯೇ ಬರೆದು ಕೇಳಿದರೆ ಮುಂದಿನ 24 ಗಂಟೆಗಳಲ್ಲಿ ಮಾದರಿಯ ಹಂಗಿಲ್ಲದೆ ಉತ್ತರಿಸಬಹುದು. ಈಗಲೇ ಅದರ ಗೊಡವೆ ನಿಮಗೆ ಬೇಡ.

ಓದುಬರಹ ಕಷ್ಟವಾದ ಬೆಂಬಲಿಗರೂ ಇರುತ್ತಾರೆ. ಊರಿನಲ್ಲಿ ಅಕ್ಕಿ, ಬೇಳೆ ಕೊಡುವವರು, ಪಾಠಕ್ಕೆ ಜಾಗ ಬಿಟ್ಟುಕೊಟ್ಟವರು ಹೆಚ್ಚಾಗಿ ಇವರೇ. ಇವರಿಗೆ ಧ್ವನಿಯೇ ಸರಿ. ಮಿಸ್ಡ್ ಕಾಲ್ ಕೊಟ್ಟವರಿಗೆ ಮಾಹಿತಿ ತಲುಪಿಸುವ ಕ್ರಮವನ್ನು ಒಂದು ಉದ್ಯಮವಾಗಿಯೇ ಬೆಳೆಸಿದ್ದು ಬೆಂಗಳೂರಿನ ಜಿಪ್‌ಡಯಲ್ ಕಂಪನಿ, ಅದನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು. ಕರೆಯ ದರ ಇಳಿದ ಮೇಲೆ ಮಿಸ್ಡ್ ಕಾಲ್‌ನ ಉಳಿತಾಯಕ್ಕೆ ಮೊದಲಿನ ಬೆಲೆ ಇಲ್ಲವಾದರೂ, ಏನನ್ನೂ ಟೈಪ್ ಮಾಡದೆ ‘ನಾನಿದ್ದೇನೆ’ ಎಂದು ತಿಳಿಸಲು ಅದಕ್ಕಿಂತ ಸರಳವಾದ ದಾರಿ ಇನ್ನೂ ಬಂದಿಲ್ಲ. ಮುಂಬೈಯ ಅರ್ಮಾನ್ ಸಂಸ್ಥೆ ಎಂಮಿತ್ರ ಎಂಬ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಆರೋಗ್ಯದ ಮಾಹಿತಿಯನ್ನು ಧ್ವನಿಮುದ್ರಿತ ಕರೆಗಳ ಮೂಲಕ, ಅವರೇ ಆರಿಸಿಕೊಂಡ ಹೊತ್ತಿನಲ್ಲಿ ತಲುಪಿಸುತ್ತದೆ. ಅದು ದಾನಿಗಳಿಗಾಗಿ ಮಾಡಿದ ಯೋಜನೆಯಲ್ಲ, ಆದರೆ ಹೊತ್ತನ್ನು ಕೇಳಿಕೊಂಡು ಕರೆ ಮಾಡುವ ಆ ಕ್ರಮ ನಿಮಗೂ ಸಲ್ಲುತ್ತದೆ. ಬಿತ್ತನೆಯ ದಿನಗಳಲ್ಲಿ ಬೆಳಗಿನ ಹತ್ತು ಗಂಟೆಗೆ ರೈತರಿಗೆ ಕರೆ ಮಾಡಿದರೆ ಯಾರು ಎತ್ತುತ್ತಾರೆ?

ಏನು ಬರೆಯಬೇಕೆಂಬುದು ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸಣ್ಣ ಸಂಸ್ಥೆಗಳ ಸಂದೇಶಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಬ್ಬದ ಶುಭಾಶಯ ಮತ್ತು ವರ್ಷಕ್ಕೊಮ್ಮೆ ಮಾರ್ಚ್ ತಿಂಗಳ ಮನವಿ, ನಡುವೆ ಮೌನ. ಕೊಟ್ಟ ಹಣ ಏನಾಯಿತು ಎಂಬ ಒಂದೇ ಒಂದು ಸುದ್ದಿಯಾದರೂ ಹೋಗದೆ ಎರಡನೆಯ ಬಾರಿ ಕೈಚಾಚುವುದು ನನಗೆ ಸರಿ ಕಾಣುವುದಿಲ್ಲ. ಜೂನ್‌ನಲ್ಲಿ ಎಷ್ಟು ಮಕ್ಕಳು ಸೇರಿದರು, ದೀಪದ ವ್ಯವಸ್ಥೆ ಆಯಿತೇ, ಗಣಿತಕ್ಕೆ ಇನ್ನೂ ಶಿಕ್ಷಕರು ಸಿಗದೆ ತೊಂದರೆಯಾಗಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ಎರಡು ಮೂರು ವಾಕ್ಯಗಳಲ್ಲಿ, ಸೋಲನ್ನೂ ಮುಚ್ಚಿಡದೆ ತಿಳಿಸಿ. ಪಾಠ ಹೇಳುವವರ ಅರ್ಧ ನಿಮಿಷದ ಧ್ವನಿ ಸಂದೇಶ ವಿನ್ಯಾಸ ಮಾಡಿಸಿದ ಪೋಸ್ಟರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳ ಮುಖ ಕಾಣುವ ಚಿತ್ರ ಬೇಡ. ಒಮ್ಮೆ ಫಾರ್ವರ್ಡ್ ಆದದ್ದನ್ನು ಹಿಂದಕ್ಕೆ ತರಲಾಗದು. ಪ್ರತಿ ಸಂದೇಶದ ಕೊನೆಯಲ್ಲಿ ‘ಸಾಕು ಎಂದು ಬರೆದರೆ ಕಳಿಸುವುದನ್ನು ನಿಲ್ಲಿಸುತ್ತೇವೆ’ ಎಂಬ ಸಾಲಿರಲಿ, ಬರೆದವರ ಸಂಖ್ಯೆಯನ್ನು ಅಂದೇ ತೆಗೆದುಹಾಕಿ.

ಹಣ ಬರುವ ದಾರಿಯ ಬಗ್ಗೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅಮೆರಿಕದ ರೆಡ್ ಕ್ರಾಸ್ ಒಂದು ಸಂದೇಶಕ್ಕೆ 10 ಡಾಲರಿನಂತೆ, ದಾನಿಯ ಫೋನ್ ಬಿಲ್ಲಿಗೆ ಸೇರುವ ಹಾಗೆ ಏರ್ಪಾಡು ಮಾಡಿ 3 ಕೋಟಿ ಡಾಲರಿಗೂ ಮಿಗಿಲಾದ ಹಣ ಸಂಗ್ರಹಿಸಿತು. ನಮ್ಮಲ್ಲಿ ಆ ಸ್ಥಾನವನ್ನು ಯುಪಿಐ ತುಂಬಿದೆ. ಯುಪಿಐ ವಿಳಾಸ ಸಂಸ್ಥೆಯ ಬ್ಯಾಂಕ್ ಖಾತೆಯದೇ ಆಗಿರಬೇಕು, ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಸ್ವಂತ ಖಾತೆಯದು ಆಗದು. ಹಣ ಕಳಿಸುವ ಗಳಿಗೆಯಲ್ಲಿ ಪರದೆಯ ಮೇಲೆ ಒಬ್ಬ ವ್ಯಕ್ತಿಯ ಹೆಸರು ಮೂಡಿದರೆ ದಾನಿಯ ಬೆರಳು ಅಲ್ಲಿಯೇ ನಿಲ್ಲುತ್ತದೆ. ಕ್ಯೂಆರ್ ಚಿತ್ರವೊಂದನ್ನೇ ಕಳಿಸಿದರೆ ಅದೇ ಫೋನಿನಲ್ಲಿ ಸ್ಕ್ಯಾನ್ ಮಾಡುವುದು ಹಲವರಿಗೆ ತಿಳಿಯದು, ಆದ್ದರಿಂದ ಯುಪಿಐ ವಿಳಾಸವನ್ನು ಅಕ್ಷರದಲ್ಲೂ ಬರೆಯಿರಿ. ತಿಂಗಳಿಗೆ ನೂರಿನ್ನೂರು ಕೊಡಲು ಸಿದ್ಧರಿರುವವರಿಗೆ 2020ರಲ್ಲಿ ಬಂದ ಯುಪಿಐ ಆಟೋಪೇ ಅನುಕೂಲ. ಹಣ ಕಡಿತವಾಗುವ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗುತ್ತದೆ, ಬೇಡವಾದಾಗ ಅವರೇ ನಿಲ್ಲಿಸಬಹುದು.

ನಿಮ್ಮ ಟ್ರಸ್ಟಿಗೆ ದಾನಿಗಳು ತೆರಿಗೆ ವಿನಾಯಿತಿ ಪಡೆಯಲು ಬೇಕಾದ 80ಜಿ ಮಾನ್ಯತೆ ಇದ್ದರೆ, ಯುಪಿಐ ಮೂಲಕ ಬಂದ ಹಣದ ಜೊತೆ ದಾನಿಯ ಪ್ಯಾನ್ ಸಂಖ್ಯೆಯಾಗಲಿ ವಿಳಾಸವಾಗಲಿ ಬರುವುದಿಲ್ಲ ಎಂಬುದು ನೆನಪಿರಲಿ. ದಾನಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಅಲ್ಲಿಂದ ಪ್ರಮಾಣಪತ್ರ ಪಡೆದು ದಾನಿಗೆ ಕೊಡಬೇಕಾದ್ದರಿಂದ, ಸ್ವೀಕೃತಿಯ ಸಂದೇಶದ ಬೆನ್ನಿಗೇ ಈ ವಿವರಗಳನ್ನು ಕೇಳಿಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿ ಸಿಗದು, ಹಾಗಾಗಿ ಮನವಿಯಲ್ಲಿ ತೆರಿಗೆ ಉಳಿತಾಯವನ್ನೇ ಮುಂದೆ ಮಾಡಬೇಡಿ.

ಕೊನೆಯದಾಗಿ, ನಿಮ್ಮ ಪಟ್ಟಿಯಲ್ಲಿ +91 ಅಲ್ಲದ ಸಂಖ್ಯೆಗಳಿದ್ದರೆ ಅವನ್ನು ಬೇರೆಯೇ ಇಡಿ. ಊರಿನ ಶಾಲೆಯಲ್ಲಿ ಓದಿ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದವರು ಭಾರತದ ಪೌರತ್ವ ಉಳಿಸಿಕೊಂಡು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಅವರೇ ಅಲ್ಲಿನ ಪೌರತ್ವ ಪಡೆದ ಮೇಲೆ ಕೊಟ್ಟರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆ. ಅದನ್ನು ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣವೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ಊರವರೆಂಬ ಸಲುಗೆಯಿಂದ ಎಲ್ಲರಿಗೂ ಒಂದೇ ಕ್ಯೂಆರ್ ಕಳಿಸಿದರೆ ಸಂಸ್ಥೆ ಕಾನೂನಿನ ತೊಡಕಿಗೆ ಸಿಲುಕುತ್ತದೆ. ಆ ಸಂಖ್ಯೆಗಳಿಗೆ ತಿಂಗಳ ಸುದ್ದಿ ಧಾರಾಳವಾಗಿ ಹೋಗಲಿ. ಹಣದ ಮನವಿಯನ್ನು ಮಾತ್ರ ಪೌರತ್ವದ ವಿಷಯ ಕೇಳಿ ತಿಳಿದು, ಪಾಸ್‌ಪೋರ್ಟ್ ವಿವರ ಪಡೆದ ಮೇಲೆ ಕಳಿಸಿ.